ಕಣ್ಣು ಮುಚ್ಚಿದಾಗ ಬೆರಳು ಎಲ್ಲಿದೆಯೆಂದು ಮೆದುಳಿಗೆ ತಿಳಿಯುವುದು ಹೇಗೆ?

ಹೊಂಬೆಳಕು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಾಲ್ಕು ತಿಂಗಳ ಹಿಂದೆ ನಮ್ಮ ತಂದೆಯವರಿಗೆ ಪಾರ್ಶ್ವವಾಯುವಾಯಿತು. ಮೆದುಳಿನ ಬಲಭಾಗದಲ್ಲಿ, ಥಲಾಮಸ್ ಎಂಬಲ್ಲಿ, ಸಣ್ಣ ರಕ್ತನಾಳವೊಂದು ಮುಚ್ಚಿಕೊಂಡಿದೆಯೆಂದು ಸ್ಕ್ಯಾನ್ ನೋಡಿದ ವೈದ್ಯರು ತಿಳಿಸಿದರು. ಮೊದಲ ವಾರಗಳಲ್ಲಿ ಎಡಗೈ ಪೂರ್ತಿ ಸೋತಿತ್ತು. ಈಗ ಬಲ ಬಹುಮಟ್ಟಿಗೆ ಮರಳಿದೆ. ಮುಷ್ಟಿ ಬಿಗಿಯಿರಿ ಎಂದರೆ ಬಿಗಿಯುತ್ತಾರೆ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಎಂದರೆ ಮಡಿಸುತ್ತಾರೆ. ಆದರೆ ಕೈಯನ್ನು ನೋಡುತ್ತಿರುವಷ್ಟು ಹೊತ್ತು ಮಾತ್ರ ಅದು ಅವರ ಮಾತು ಕೇಳುತ್ತದೆ. ಲೋಟ ಹಿಡಿದವರು ಯಾರದೋ ಮಾತಿಗೆ ತಲೆ ತಿರುಗಿಸಿದರೆ ಸಾಕು, ಲೋಟ ಕೈಯಿಂದ ಜಾರುತ್ತದೆ. ಅಂಗಿಯ ಕೆಳಗಿನ ಗುಂಡಿಗಳನ್ನು ಹಾಕಿಕೊಳ್ಳುತ್ತಾರೆ, ಕುತ್ತಿಗೆಯ ಬಳಿಯ ಗುಂಡಿ ಕಣ್ಣಿಗೆ ಕಾಣದ ಕಾರಣ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. "ಬಲ ಬಂದಿದೆ, ಅರಿವು ಬಂದಿಲ್ಲ" ಎಂದು ವೈದ್ಯರು ಒಂದೇ ಮಾತಿನಲ್ಲಿ ಹೇಳಿದರು. ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಾನು ವೈದ್ಯಶಾಸ್ತ್ರ ಓದಿದವಳಲ್ಲ. ಕಣ್ಣು ಮುಚ್ಚಿ ನನ್ನ ಬೆರಳುಗಳನ್ನು ಆಡಿಸಿದೆ. ಯಾವುದು ಎಷ್ಟು ಬಾಗಿದೆ ಎಂಬುದು ನೋಡದೆಯೇ ತಿಳಿಯಿತು. ಇನ್ನೊಂದು ಕೈಯನ್ನು ಮುಂಗೈಯ ಮೇಲಿಟ್ಟುಕೊಂಡಾಗ, ಬೆರಳು ಆಡಿದಂತೆಲ್ಲ ಮೊಣಕೈ ಸಮೀಪದ ಸ್ನಾಯುಗಳು ಅಲುಗುವುದು ಅಂಗೈಗೆ ತಾಗಿತು. ಎಂದರೆ ಬೆರಳನ್ನು ಎಳೆಯುವ ಸ್ನಾಯು ಬೆರಳಿನಲ್ಲಿಲ್ಲ, ಮುಂಗೈಯಲ್ಲಿದೆ. ಹಾಗಿದ್ದರೂ ಚಲನೆ ನನ್ನ ಅನುಭವಕ್ಕೆ ಬರುವುದು ಬೆರಳಿನಲ್ಲೇ. ಇದು ಹೇಗೆ?

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ಕಣ್ಣು ಮುಚ್ಚಿಕೊಂಡು ಎಡಗೈ ಬೆರಳುಗಳನ್ನು ಬಿಡಿಸಿ ಎಂದು ಹೇಳಿದಾಗ ಅವು ಅರ್ಧಕ್ಕೇ ನಿಂತಿದ್ದರೂ "ಪೂರ್ತಿ ಬಿಡಿಸಿದ್ದೇನೆ" ಎಂದು ತಂದೆಯವರು ದೃಢವಾಗಿ ಹೇಳುತ್ತಾರೆ. ಕಣ್ಣು ತೆರೆದ ಮೇಲೆ ಸಪ್ಪಗಾಗುತ್ತಾರೆ. ಅವರ ಬುದ್ಧಿಗೆ ಏನೂ ಆಗಿಲ್ಲ. ಲೆಕ್ಕ, ನೆನಪು, ಮಾತು ಎಲ್ಲವೂ ಮೊದಲಿನಂತೆಯೇ ಇವೆ. ಹಾಗಾದರೆ ಹೀಗೇಕೆ ಹೇಳುತ್ತಾರೆ? ಈ ಅರಿವನ್ನು ಮತ್ತೆ ಕಲಿಸಲು ಸಾಧ್ಯವಿದೆಯೆ? ತಿಳಿದವರು ದಯವಿಟ್ಟು ವಿವರಿಸಬೇಕು.

ನರಜಾಲ

ಹೊಂಬೆಳಕು ಅವರೇ, ನಾನು ಶರೀರಕ್ರಿಯಾಶಾಸ್ತ್ರವನ್ನು ಬೋಧಿಸುವವನು. ಚಿಕಿತ್ಸೆಯ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಮುಂಗೈಯ ಮೇಲೆ ಕೈಯಿಟ್ಟು ನೀವು ಗಮನಿಸಿದ್ದು ಈ ವಿಷಯದ ನಟ್ಟನಡುವಿನ ಒಗಟು.

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂದು ಐದನ್ನು ಎಣಿಸುವಾಗ ಬಿಟ್ಟುಹೋಗುವ ಇಂದ್ರಿಯವೊಂದಿದೆ. ನಮ್ಮ ಅಂಗಗಳು ಎಲ್ಲಿವೆ, ಎತ್ತ ಚಲಿಸುತ್ತಿವೆ, ಎಷ್ಟು ಬಲ ಹಾಕುತ್ತಿವೆ ಎಂಬುದನ್ನು ತಿಳಿಸುವ ಇದಕ್ಕೆ ಚಾರ್ಲ್ಸ್ ಶೆರಿಂಗ್ಟನ್ 1906ರ ಸುಮಾರಿಗೆ ಪ್ರೊಪ್ರಿಯೊಸೆಪ್ಷನ್ ಎಂಬ ಹೆಸರು ಕೊಟ್ಟರು. ಅದಕ್ಕೂ ಎಂಬತ್ತು ವರ್ಷ ಮೊದಲು, 1826ರಲ್ಲಿ, ಚಾರ್ಲ್ಸ್ ಬೆಲ್ ಎಂಬ ವೈದ್ಯರು ಮೆದುಳಿಗೂ ಸ್ನಾಯುವಿಗೂ ನಡುವೆ ನರಗಳದೊಂದು ವರ್ತುಲವಿದೆಯೆಂದು, ಒಂದು ನರ ಆಜ್ಞೆಯನ್ನು ಒಯ್ದರೆ ಇನ್ನೊಂದು ಸ್ನಾಯುವಿನ ಸ್ಥಿತಿಯನ್ನು ಹಿಂದಕ್ಕೆ ತಿಳಿಸುತ್ತದೆಯೆಂದು ವಾದಿಸಿದ್ದರು. ನಿಮ್ಮ ತಂದೆಯವರಲ್ಲಿ ಆಜ್ಞೆ ಒಯ್ಯುವ ದಾರಿ ಬಹುಪಾಲು ಸರಿಯಾಗಿದೆ, ಮರಳಿ ಬರುವ ದಾರಿ ಕಡಿದಿದೆ. ವೈದ್ಯರ ಮಾತಿನ ಅರ್ಥ ಅದೇ.

ಮರಳುವ ಸುದ್ದಿ ಹೊರಡುವುದು ಮುಖ್ಯವಾಗಿ ಸ್ನಾಯುವಿನೊಳಗಿನ ಕೆಲವೇ ಮಿಲಿಮೀಟರ್ ಉದ್ದದ ಅಂಗಗಳಿಂದ. ನಡುವೆ ಉಬ್ಬಿ ಎರಡೂ ತುದಿಯಲ್ಲಿ ಸಪೂರವಾಗಿ ನೂಲುವ ಕದಿರಿನಂತೆ ಕಾಣುವುದರಿಂದ ಇವುಗಳನ್ನು ಸ್ನಾಯುಕದಿರು ಎನ್ನಬಹುದು. ಸ್ನಾಯು ಹಿಗ್ಗಿದಾಗ ಕದಿರೂ ಹಿಗ್ಗುತ್ತದೆ, ಅದಕ್ಕೆ ಸುತ್ತಿಕೊಂಡಿರುವ ನರದ ತುದಿ ಮಿಡಿಯುತ್ತದೆ. ಎಷ್ಟು ಹಿಗ್ಗಿತು ಎಂಬುದಷ್ಟೇ ಅಲ್ಲ, ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬುದೂ ಆ ಮಿಡಿತದಲ್ಲಿರುತ್ತದೆ. ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುವಿನ ಬಳಿ ಇರುವ ಇನ್ನೊಂದು ಬಗೆಯ ಅಂಗಗಳು ಎಳೆತದ ಬಲವನ್ನು ಅಳೆಯುತ್ತವೆ.

ಈ ಕದಿರುಗಳ ಸುದ್ದಿ ನಮ್ಮ ಪ್ರಜ್ಞೆಗೆ ಬರುವುದೇ ಇಲ್ಲ, ಅಂಗದ ಸ್ಥಿತಿ ತಿಳಿಯುವುದು ಕೀಲುಗಳಲ್ಲಿರುವ ನರಗಳಿಂದ ಎಂದು 1970ರ ಸುಮಾರಿನವರೆಗೂ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಆ ನಂಬಿಕೆಯನ್ನು ಅಲುಗಿಸಿದ ಪ್ರಯೋಗ ಬಹಳ ಸರಳವಾದದ್ದು. ಗುಡ್‌ವಿನ್, ಮೆಕ್ಲಾಸ್ಕಿ ಮತ್ತು ಮ್ಯಾಥ್ಯೂಸ್ ಎಂಬ ಮೂವರು 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣು ಕಟ್ಟಿದವರ ತೋಳಿನ ಸ್ನಾಯುರಜ್ಜುವಿನ ಮೇಲೆ ಕಂಪನ ಹುಟ್ಟಿಸುವ ಉಪಕರಣವನ್ನು ಒತ್ತಿ ಹಿಡಿದರು. ಸೆಕೆಂಡಿಗೆ ಸುಮಾರು ನೂರು ಬಾರಿಯ ಅಂತಹ ಕಂಪನಕ್ಕೆ ಕದಿರುಗಳು ಸ್ನಾಯು ಹಿಗ್ಗುತ್ತಿದೆಯೆಂಬಂತೆಯೇ ಮಿಡಿಯುತ್ತವೆ. ಕೈ ನಿಜವಾಗಿ ಇದ್ದ ಕಡೆಯಲ್ಲಿ ಇರಲಿಲ್ಲವೆಂದು, ತೋಳು ಚಾಚಿಕೊಳ್ಳುತ್ತಿದೆಯೆಂದು ಆ ಜನರಿಗೆ ಅನಿಸಿತು. ಮುಂದೆ ಇದೇ ಉಪಾಯವನ್ನು ಬೆಳೆಸಿದ ಪ್ರಯೋಗಗಳಲ್ಲಿ, ತಮ್ಮದೇ ಮೂಗಿನ ತುದಿಯನ್ನು ಬೆರಳಿನಿಂದ ಹಿಡಿದಿದ್ದವರಿಗೆ ತೋಳು ದೂರ ಸರಿದಂತೆ ತೋರಿದಾಗ, ಮೂಗೇ ಉದ್ದವಾಗುತ್ತಿರುವಂತೆ ಅನಿಸಿದ್ದುಂಟು. ಬೆರಳು ಮೂಗನ್ನು ಬಿಟ್ಟಿಲ್ಲ, ಕೈ ಮಾತ್ರ ದೂರ ಹೋಗುತ್ತಿದೆ ಎಂಬ ಎರಡು ಸುದ್ದಿಗಳನ್ನು ಹೊಂದಿಸಲು ಮೆದುಳಿಗೆ ಅದೊಂದೇ ದಾರಿ ಉಳಿದಿತ್ತು. ಇನ್ನೊಂದು ಸಾಕ್ಷ್ಯವೂ ದೊರೆಯಿತು: ಸವೆದ ಬೆರಳಿನ ಕೀಲನ್ನು ತೆಗೆದು ಕೃತಕ ಕೀಲು ಜೋಡಿಸಿಕೊಂಡವರಿಗೂ ಆ ಬೆರಳಿನ ಚಲನೆ ತಿಳಿಯುತ್ತಿತ್ತು.

ಈಗ ನಿಮ್ಮ ಒಗಟಿಗೆ ಬರುತ್ತೇನೆ. ಸುದ್ದಿ ಹೊರಟ ಜಾಗವನ್ನು ಮೆದುಳು ನಮಗೆ ತಿಳಿಸುವುದಿಲ್ಲ. ಸುದ್ದಿಯ ಅರ್ಥವನ್ನು ತಿಳಿಸುತ್ತದೆ. ಮುಂಗೈಯ ಒಂದು ಸ್ನಾಯು ಹಿಗ್ಗಿದಾಗಲೆಲ್ಲ ನಡುಬೆರಳು ನೆಟ್ಟಗಾಗಿದೆ ಎಂಬುದನ್ನು ಮೆದುಳು ಹಸುಳೆತನದಿಂದಲೂ ಕಣ್ಣಿನಿಂದ, ಸ್ಪರ್ಶದಿಂದ ಮತ್ತೆ ಮತ್ತೆ ತಾಳೆ ನೋಡಿ ಕಲಿತಿರುತ್ತದೆ. ಹೀಗಾಗಿ ಮುಂಗೈಯಿಂದ ಬಂದ ಮಿಡಿತ "ಬೆರಳು ನೆಟ್ಟಗಾಯಿತು" ಎಂದೇ ಅನುಭವಕ್ಕೆ ಬರುತ್ತದೆ. ಕತ್ತಲಲ್ಲಿ ಕೋಲಿನಿಂದ ನೆಲ ತಡವುವವರಿಗೆ ಕಲ್ಲು ತಾಗಿದ್ದು ಅಂಗೈಯಲ್ಲಲ್ಲ, ಕೋಲಿನ ತುದಿಯಲ್ಲಿ ಎಂದೇ ಅನಿಸುತ್ತದೆಯಲ್ಲವೆ? ಅಲ್ಲಿ ನಡೆಯುವುದೂ ಇಂಥದೇ ಕೆಲಸ.

ದಾರಿಯ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಸ್ಕ್ಯಾನ್‌ನಲ್ಲಿ ಕಂಡದ್ದನ್ನು ಅದು ವಿವರಿಸುತ್ತದೆ. ಕೈಯ ನರಗಳು ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯನ್ನು ಸೇರಿ, ಅದರ ಹಿಂಬದಿಯ ಕಂಬದಲ್ಲಿ ಅದೇ ಬದಿಯಲ್ಲಿಯೇ ಮೇಲೇರುತ್ತವೆ. ಮೆದುಳಿನ ಬುಡದ ಮೆಡುಲ್ಲಾದಲ್ಲಿ ಸುದ್ದಿ ಇನ್ನೊಂದು ನರಕೋಶಕ್ಕೆ ದಾಟಿ, ಎದುರು ಬದಿಗೆ ಹೊರಳಿ, ಥಲಾಮಸ್ ತಲುಪುತ್ತದೆ. ಅಲ್ಲಿಂದ ಮೂರನೆಯ ನರಕೋಶ ಅದನ್ನು ಮೆದುಳಿನ ಹೊರಪದರಕ್ಕೆ, ಅಂದರೆ ಕಾರ್ಟೆಕ್ಸ್‌ಗೆ, ಒಪ್ಪಿಸುತ್ತದೆ. ಮಣಿಕಟ್ಟಿನ ಬಳಿ ನರವನ್ನು ವಿದ್ಯುತ್ತಿನಿಂದ ಚುರುಕುಗೊಳಿಸಿದರೆ ಸುಮಾರು 20 ಮಿಲಿಸೆಕೆಂಡಿನಲ್ಲಿ ಕಾರ್ಟೆಕ್ಸ್ ಸ್ಪಂದಿಸುವುದನ್ನು ಅಳೆಯಬಹುದು. ಬಲ ಥಲಾಮಸ್ ಕೆಟ್ಟಾಗ ಎಡಗೈಯ ಸುದ್ದಿ ಕೊನೆಯ ಮೆಟ್ಟಿಲಿನ ಮುಂದೆ ನಿಂತುಬಿಡುತ್ತದೆ. ನಿಮ್ಮ ತಂದೆಯವರ ಬೆರಳು, ಸ್ನಾಯು, ಕದಿರು, ಬೆನ್ನುಹುರಿ ಎಲ್ಲವೂ ತಮ್ಮ ಕೆಲಸವನ್ನು ಈಗಲೂ ಮಾಡುತ್ತಿವೆ. ಕೇಳಿಸಿಕೊಳ್ಳಬೇಕಾದಲ್ಲಿಗೆ ಅದು ಸರಿಯಾಗಿ ತಲುಪುತ್ತಿಲ್ಲ.

ಕಾರ್ಟೆಕ್ಸ್‌ನಲ್ಲಿ ದೇಹದ ನಕ್ಷೆಯೊಂದಿದೆ ಎಂಬುದನ್ನು ವೈಲ್ಡರ್ ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ 1937ರಲ್ಲಿ ಎಚ್ಚರವಾಗಿದ್ದ ಶಸ್ತ್ರಚಿಕಿತ್ಸೆಯ ರೋಗಿಗಳಿಂದ ತಿಳಿದರು. ಆ ನಕ್ಷೆಯಲ್ಲಿ ಕೈಗೂ ಬೆರಳುಗಳಿಗೂ ಸಿಕ್ಕಿರುವ ಜಾಗ ಇಡೀ ಮುಂಡಕ್ಕೆ ಸಿಕ್ಕಿರುವುದಕ್ಕಿಂತ ಬಹಳ ಹೆಚ್ಚು. ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ಬೆರಳುಗಳು ಅಲ್ಲಿ ಸಾಲಾಗಿ ಬರುತ್ತವೆ, ಹೆಬ್ಬೆರಳಿನ ಪಕ್ಕದಲ್ಲೇ ಮುಖವಿದೆ. ಒಂದೇ ನಕ್ಷೆ ಎನ್ನುವುದೂ ಪೂರ್ತಿ ಸರಿಯಲ್ಲ. ಅಕ್ಕಪಕ್ಕದಲ್ಲಿ ನಾಲ್ಕು ಪಟ್ಟಿಗಳಿವೆ. ಮಡಿಕೆಯ ಆಳದಲ್ಲಿರುವ 3ಎ ಎಂಬ ಪಟ್ಟಿಗೆ ಸ್ನಾಯುಗಳ ಸುದ್ದಿ ಹೆಚ್ಚಾಗಿ ಬರುತ್ತದೆ, 3ಬಿ ಮತ್ತು 1 ಎಂಬವುಗಳಿಗೆ ಚರ್ಮದ ಸುದ್ದಿ, 2 ಎಂಬುದಕ್ಕೆ ಎರಡೂ ಬೆರೆತು ಬರುತ್ತವೆ. ಹಿಡಿದ ವಸ್ತುವಿನ ಆಕಾರ ತಿಳಿಯಬೇಕಾದರೆ ಬೆರಳುಗಳು ಎಷ್ಟು ಬಾಗಿವೆ, ಚರ್ಮಕ್ಕೆ ಏನು ತಾಗಿದೆ ಎಂಬ ಎರಡೂ ಒಂದೆಡೆ ಸೇರಬೇಕು. ಜೇಬಿನೊಳಗೆ ಕೈಯಿಟ್ಟು ಬೀಗದಕೈಯನ್ನು ನೋಡದೆ ಗುರುತಿಸುವುದು ಇದರಿಂದಲೇ ಸಾಧ್ಯ.

ಗೆಣ್ಣು

ನರಜಾಲ ಅವರ ವಿವರಣೆ ಸೊಗಸಾಗಿದೆ. ಆದರೆ ಒಂದು ತಿದ್ದುಪಡಿ ಅಗತ್ಯ, ಏಕೆಂದರೆ ಪ್ರಶ್ನೆ ಮೊಣಕೈಯನ್ನು ಕುರಿತದ್ದಲ್ಲ, ಬೆರಳನ್ನು ಕುರಿತದ್ದು. ತೋಳಿನ ವಿಷಯದಲ್ಲಿ ಸ್ನಾಯುಕದಿರುಗಳೇ ಮುಖ್ಯವೆಂಬುದನ್ನು ಒಪ್ಪುತ್ತೇನೆ. ಬೆರಳಿನಲ್ಲಿ ಅವುಗಳಿಂದಷ್ಟೇ ಕೆಲಸ ಸಾಗುವುದಿಲ್ಲ.

ಬೆರಳಿನ ತುದಿಯನ್ನು ಮಡಿಸುವ ಸ್ನಾಯುವಿನ ರಜ್ಜು ಮಣಿಕಟ್ಟನ್ನು ದಾಟಿ, ಅಂಗೈಯನ್ನು ದಾಟಿ, ಬೆರಳಿನ ಮೂರೂ ಗೆಣ್ಣುಗಳನ್ನು ಹಾಯ್ದು ತುದಿಯ ಮೂಳೆಗೆ ಅಂಟಿಕೊಂಡಿದೆ. ಈ ಕೀಲುಗಳಲ್ಲಿ ಯಾವುದು ನೆಟ್ಟಗಾದರೂ ಸ್ನಾಯು ಹಿಗ್ಗುತ್ತದೆ. ಹಾಗಿರುವಾಗ ಹಿಗ್ಗಿದ್ದು ಮಣಿಕಟ್ಟಿನಿಂದಲೋ ಬುಡದ ಗೆಣ್ಣಿನಿಂದಲೋ ತುದಿಯ ಗೆಣ್ಣಿನಿಂದಲೋ ಎಂದು ಆ ಒಂದು ಸ್ನಾಯುವಿನ ಕದಿರು ಹೇಳಲಾರದು. ಇಲ್ಲಿ ನೆರವಾಗುವುದು ಚರ್ಮ. ಬೆರಳು ಬಾಗಿದಾಗ ಗೆಣ್ಣಿನ ಮೇಲಿನ ಚರ್ಮ ಬಿಗಿಯುತ್ತದೆ, ಒಳಬದಿಯ ಚರ್ಮ ನೆರಿಗೆಗಟ್ಟುತ್ತದೆ. ಆ ಎಳೆತವನ್ನು ಗ್ರಹಿಸುವ ನರಗಳು ಅಲ್ಲೇ ಇವೆ. ಬೆರಳನ್ನು ಮರಗಟ್ಟಿಸಿ, ಅದರ ಸುತ್ತಲಿನ ಚರ್ಮವನ್ನು ಮಾತ್ರ ಬೆರಳು ಬಾಗಿದಾಗ ಆಗುವಂತೆಯೇ ಎಳೆದರೆ, ಆಡದಿದ್ದ ಬೆರಳು ಆಡಿದಂತೆ ಜನರಿಗೆ ಅನಿಸುತ್ತದೆಂದು 1990ರ ದಶಕದ ಪ್ರಯೋಗಗಳು ತೋರಿಸಿವೆ.

ಇದನ್ನು ಓದುತ್ತಿರುವವರು ತಮ್ಮ ಕೈಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಉಳಿದ ಬೆರಳುಗಳನ್ನು ನೆಟ್ಟಗೆ ಚಾಚಿ ಹಿಡಿದು, ನಡುಬೆರಳನ್ನು ಮಾತ್ರ ನಡುವಿನ ಗೆಣ್ಣಿನಲ್ಲಿ ಪೂರ್ತಿ ಮಡಿಸಿ. ಈಗ ನಡುಬೆರಳಿನ ತುದಿಯ ಭಾಗವನ್ನು ನಿಮ್ಮ ಇಚ್ಛೆಯಿಂದ ಆಡಿಸಲು ನೋಡಿ: ಅದು ಆಡುವುದಿಲ್ಲ, ಜೋತಾಡುತ್ತದೆ, ಏಕೆಂದರೆ ಆ ಭಂಗಿಯಲ್ಲಿ ಸ್ನಾಯುಗಳ ಹಿಡಿತ ಅದಕ್ಕೆ ತಪ್ಪಿರುತ್ತದೆ. 1976ರಲ್ಲಿ ಗಾಂಡೀವಿಯಾ ಮತ್ತು ಮೆಕ್ಲಾಸ್ಕಿ ಇದೇ ಭಂಗಿಯನ್ನು ಬಳಸಿ, ಸ್ನಾಯುವಿನ ನೆರವಿಲ್ಲದಾಗ ತುದಿಯ ಚಲನೆಯನ್ನು ಗುರುತಿಸುವ ಶಕ್ತಿ ಎಷ್ಟು ಕುಗ್ಗುತ್ತದೆಂದು ಅಳೆದರು. ಅದು ಸ್ಪಷ್ಟವಾಗಿ ಕುಗ್ಗಿತು, ಆದರೆ ಇಲ್ಲವಾಗಲಿಲ್ಲ. ಉಳಿದದ್ದು ಚರ್ಮ ಮತ್ತು ಕೀಲುಗಳ ಕೊಡುಗೆ. ಸ್ನಾಯುವೋ ಚರ್ಮವೋ ಎಂಬ ವಾದವನ್ನು ಬಿಟ್ಟು, ಹಲವು ಸಾಕ್ಷಿಗಳ ಹೇಳಿಕೆಯನ್ನು ಮೆದುಳು ಒಟ್ಟಿಗೆ ತೂಗುತ್ತದೆ ಎಂದು ತಿಳಿಯುವುದು ಸರಿಯೆಂದು ನನ್ನ ಅಭಿಪ್ರಾಯ.

ಆ ಸಾಕ್ಷಿಗಳಲ್ಲಿ ಒಬ್ಬ ಹೊರಗಿನವನಲ್ಲ, ಮೆದುಳಿನೊಳಗೇ ಇರುವವನು. ಹೊಂಬೆಳಕು ಅವರ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೆರಳನ್ನು ಬಿಡಿಸು ಎಂಬ ಆಜ್ಞೆ ಸ್ನಾಯುವಿನ ಕಡೆಗೆ ಹೊರಡುವಾಗ ಅದರ ಪ್ರತಿಯೊಂದು ಮೆದುಳಿನಲ್ಲೇ ಉಳಿಯುತ್ತದೆ, ಮತ್ತು ಆ ಪ್ರತಿಯನ್ನು ನೋಡಿ "ಇನ್ನು ಬೆರಳು ಇಲ್ಲಿರಬೇಕು" ಎಂದು ಮೆದುಳು ಮುಂಚಿತವಾಗಿಯೇ ಲೆಕ್ಕ ಹಾಕುತ್ತದೆ. ಈ ಮುನ್ನೆಣಿಕೆಯಲ್ಲಿ ಕಿರುಮೆದುಳಿಗೆ ದೊಡ್ಡ ಪಾಲಿದೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲು ಆಗದಿರುವುದಕ್ಕೂ ಇದೇ ಕಾರಣ: ತನ್ನ ಆಜ್ಞೆಯಿಂದಲೇ ಬಂದ ಸ್ಪರ್ಶವನ್ನು ಮೆದುಳು ಮೊದಲೇ ಎಣಿಸಿ ತಗ್ಗಿಸಿಬಿಟ್ಟಿರುತ್ತದೆ. ಆರೋಗ್ಯವಂತರಲ್ಲಿ ಮುನ್ನೆಣಿಕೆಯೂ ಮರಳಿ ಬಂದ ಸುದ್ದಿಯೂ ಕ್ಷಣಕ್ಷಣಕ್ಕೂ ಒಂದನ್ನೊಂದು ತಿದ್ದುತ್ತಿರುತ್ತವೆ. ಸುದ್ದಿಯೇ ಬಾರದಿದ್ದಾಗ ಉಳಿಯುವುದು ಮುನ್ನೆಣಿಕೆಯೊಂದೇ.

ನಿಮ್ಮ ತಂದೆಯವರು ಹೇಳುತ್ತಿರುವುದು ಸುಳ್ಳೂ ಅಲ್ಲ, ಭ್ರಮೆಯೂ ಅಲ್ಲ. ಬೆರಳು ಬಿಡಿಸುವ ಆಜ್ಞೆಯನ್ನು ಅವರು ನಿಜವಾಗಿ ಕೊಟ್ಟಿದ್ದಾರೆ. ಆಜ್ಞೆ ಪೂರ್ತಿ ನೆರವೇರಲಿಲ್ಲ ಎಂಬ ವರದಿ ಮಾತ್ರ ಅವರಿಗೆ ತಲುಪಿಲ್ಲ. ಸಂವೇದನೆ ಕಳೆದುಕೊಂಡ ರೋಗಿಯ ಕಣ್ಣು ಮುಚ್ಚಿ, ಆತ ತೋಳನ್ನೆತ್ತುವಾಗ ಬೇರೊಬ್ಬರು ಹಿಡಿದು ತಡೆದರೂ, ಎತ್ತಿದ್ದೇನೆಂದೇ ಆತ ನಂಬುತ್ತಿದ್ದುದನ್ನು 19ನೆಯ ಶತಮಾನದ ವೈದ್ಯರೇ ಬರೆದಿಟ್ಟಿದ್ದಾರೆ. ಆರೋಗ್ಯವಂತರ ಕೈಯನ್ನು ತಾತ್ಕಾಲಿಕವಾಗಿ ಮರಗಟ್ಟಿಸಿ, ಅಲುಗದಂತೆಯೂ ಮಾಡಿ, ಮಣಿಕಟ್ಟನ್ನು ಬಾಗಿಸಲು ಪ್ರಯತ್ನಿಸಿ ಎಂದು ಹೇಳಿದ 2006ರ ಅಧ್ಯಯನವೊಂದರಲ್ಲಿ, ಕೈ ಎಳ್ಳಷ್ಟೂ ಅಲುಗದಿದ್ದರೂ ಪ್ರಯತ್ನದ ದಿಕ್ಕಿಗೆ ಅದು ಸರಿದಂತೆ ಅವರಿಗೆ ಅನಿಸಿತು. ನಮ್ಮಲ್ಲಿ ಯಾರೇ ಆ ಸ್ಥಿತಿಯಲ್ಲಿದ್ದರೂ ನಿಮ್ಮ ತಂದೆಯವರು ಹೇಳಿದಂತೆಯೇ ಹೇಳುತ್ತಿದ್ದೆವು. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ನರಜಾಲ

ಗೆಣ್ಣು ಅವರ ತಿದ್ದುಪಡಿಯನ್ನು ಒಪ್ಪಿದ್ದೇನೆ. ಹಲವು ಗೆಣ್ಣುಗಳನ್ನು ಹಾಯುವ ರಜ್ಜುವಿನ ವಿಷಯವನ್ನು ನಾನೇ ಹೇಳಬೇಕಿತ್ತು. ತರಗತಿಯಲ್ಲಿ ಮೊಣಕೈಯ ಉದಾಹರಣೆಯನ್ನೇ ಕೊಟ್ಟು ಕೊಟ್ಟು ಅದು ಬಿಟ್ಟುಹೋಯಿತು.

ತಂತಿನಾದ

ನಾನು ತಂತಿವಾದ್ಯ ನುಡಿಸುವವನು. ನನ್ನ ತೊಂದರೆ ಬೇರೆ ಬಗೆಯದಾದರೂ, ಬೆರಳಿನ ಅರಿವು ಮೆದುಳಿನಲ್ಲಿದೆ ಎಂಬುದನ್ನು ನಾನು ಕಷ್ಟಪಟ್ಟೇ ಕಲಿತದ್ದರಿಂದ ಬರೆಯುತ್ತಿದ್ದೇನೆ.

ಇಪ್ಪತ್ತು ವರ್ಷ ದಿನಕ್ಕೆ ಆರೇಳು ಗಂಟೆ ಅಭ್ಯಾಸ ಮಾಡಿದ ಮೇಲೆ, ನನ್ನ ಎಡಗೈಯ ಉಂಗುರಬೆರಳೂ ಕಿರುಬೆರಳೂ ವಾದ್ಯ ಹಿಡಿದ ಕೂಡಲೇ ಒಟ್ಟಿಗೆ ಒಳಕ್ಕೆ ಸುರುಟಿಕೊಳ್ಳತೊಡಗಿದವು. ಬರೆಯುವಾಗ, ಉಣ್ಣುವಾಗ, ಬೇರೆ ಯಾವ ಕೆಲಸದಲ್ಲೂ ಹಾಗಾಗುತ್ತಿರಲಿಲ್ಲ. ನೋವೂ ಇರಲಿಲ್ಲ. ಮೊದಲು ಸ್ನಾಯು, ಆಮೇಲೆ ನರ, ಆಮೇಲೆ ಕುತ್ತಿಗೆಯ ಮೂಳೆ ಎಂದು ಎರಡು ವರ್ಷ ಪರೀಕ್ಷೆಗಳಾದವು, ಎಲ್ಲಿಯೂ ದೋಷ ಸಿಗಲಿಲ್ಲ. ಕೊನೆಗೆ ನರತಜ್ಞರೊಬ್ಬರು ಇದು ಫೋಕಲ್ ಡಿಸ್ಟೋನಿಯಾ ಎಂದರು. ವೃತ್ತಿಪರ ವಾದಕರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಬರುತ್ತದೆ ಎಂಬ ಅಂದಾಜಿದೆಯಂತೆ.

ತಂತಿವಾದಕರ ಎಡಗೈ ಬೆರಳುಗಳಿಗೆ ಕಾರ್ಟೆಕ್ಸ್‌ನಲ್ಲಿ ಇತರರಿಗಿಂತ ಹೆಚ್ಚು ಜಾಗವಿರುತ್ತದೆಂದು, ಚಿಕ್ಕ ವಯಸ್ಸಿನಲ್ಲಿ ಕಲಿಯಲು ತೊಡಗಿದವರಲ್ಲಿ ಆ ಹೆಚ್ಚಳ ಇನ್ನೂ ದೊಡ್ಡದೆಂದು 1995ರಲ್ಲಿ ಪ್ರಕಟವಾದ ಅಧ್ಯಯನವನ್ನು ಅವರು ನನಗೆ ವಿವರಿಸಿದರು. ಅಭ್ಯಾಸ ಕೊಟ್ಟ ವರ ಅದು. ಆದರೆ ಡಿಸ್ಟೋನಿಯಾ ಇರುವವರಲ್ಲಿ ಅಕ್ಕಪಕ್ಕದ ಬೆರಳುಗಳ ಆ ಜಾಗಗಳು ಒಂದರೊಳಗೊಂದು ಹರಡಿಕೊಂಡು ಗಡಿ ಮಸುಕಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಎರಡು ಬೆರಳುಗಳನ್ನು ಮೆದುಳು ಬೇರೆ ಬೇರೆಯಾಗಿ ಅರಿಯದಿದ್ದಾಗ ಬೇರೆ ಬೇರೆಯಾಗಿ ಆಡಿಸುವುದು ಹೇಗೆ? ತೆಳುವಾದ ರಬ್ಬರ್ ಕೈಗವಸು ತೊಟ್ಟು ನುಡಿಸಿದಾಗ ನನಗೆ ಕೆಲವು ನಿಮಿಷ ಬೆರಳುಗಳು ಸಡಿಲವಾಗುತ್ತವೆ. ಬಲದಲ್ಲಿ ಏನೂ ಬದಲಾಗಿಲ್ಲ, ಚರ್ಮದಿಂದ ಹೋಗುವ ಸುದ್ದಿಯಷ್ಟೇ ಬದಲಾಗಿದೆ. ಅಷ್ಟಕ್ಕೇ ಕೈ ಬೇರೆ ರೀತಿ ನಡೆದುಕೊಳ್ಳುವುದನ್ನು ಪ್ರತಿ ಸಲ ಬೆರಗಿನಿಂದ ನೋಡುತ್ತೇನೆ.

ಈಗ ದಿನಕ್ಕೆ ನಲವತ್ತು ನಿಮಿಷ, ಅತ್ಯಂತ ನಿಧಾನವಾಗಿ, ಒಂದೊಂದೇ ಬೆರಳಿಗೆ ಗಮನ ಕೊಟ್ಟು ಅಭ್ಯಾಸ ಮಾಡುತ್ತೇನೆ. ಮೂರು ವರ್ಷಗಳಲ್ಲಿ ಅರ್ಧದಷ್ಟು ಹಿಂದಕ್ಕೆ ಬಂದಿದೆ. ಹೊಂಬೆಳಕು ಅವರೇ, ನಿಮ್ಮ ತಂದೆಯವರ ಸ್ಥಿತಿಗೂ ನನ್ನದಕ್ಕೂ ಹೋಲಿಕೆ ಸಲ್ಲದೆಂಬುದು ನನಗೆ ಗೊತ್ತು. ಆದರೂ ನಿಧಾನಕ್ಕೆ ಬೇಸರಪಡಬೇಡಿ ಎಂದು ಅವರಿಗೆ ಹೇಳುವ ಮನಸ್ಸಾಗುತ್ತಿದೆ.

ಚಲನ

ನಾನು ಫಿಸಿಯೋಥೆರಪಿಸ್ಟ್, ಪಾರ್ಶ್ವವಾಯುವಾದವರೊಡನೆ ಹದಿನೈದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನೋಡದೆ ಇಲ್ಲಿಂದಲೇ ಚಿಕಿತ್ಸೆ ಹೇಳುವುದು ತಪ್ಪು, ಆದ್ದರಿಂದ ಮುಂದಿನದನ್ನು ನಿಮ್ಮ ಥೆರಪಿಸ್ಟ್ ಜೊತೆ ಮಾತನಾಡಲು ನೆರವಾಗುವ ಮಾಹಿತಿಯೆಂದು ತೆಗೆದುಕೊಳ್ಳಿ.

ಮೊದಲು ಸುರಕ್ಷತೆಯ ಮಾತು. ಸ್ಥಾನದ ಅರಿವು ಕಳೆದಿರುವ ಕೈಯಲ್ಲಿ ಬಿಸಿ ಮತ್ತು ನೋವಿನ ಅರಿವೂ ಕುಗ್ಗಿರಬಹುದು, ಏಕೆಂದರೆ ಆ ಸುದ್ದಿಗಳು ಬೇರೆ ದಾರಿಯಲ್ಲಿ ಬಂದರೂ ಥಲಾಮಸ್‌ನಲ್ಲಿ ಹತ್ತಿರ ಹತ್ತಿರವೇ ಸೇರುತ್ತವೆ. ನೀರಿನ ಬಿಸಿಯನ್ನು ಯಾವಾಗಲೂ ಬಲಗೈಯಿಂದ ನೋಡಲಿ. ಒಲೆಯ ಬಳಿ, ಬಾಗಿಲ ಸಂದಿನ ಬಳಿ ಎಡಗೈ ಎಲ್ಲಿದೆಯೆಂದು ಕಣ್ಣಿನಿಂದ ನೋಡಿಕೊಳ್ಳುವ ರೂಢಿಯಾಗಲಿ. ಕುಳಿತಾಗ ಕೈ ಕುರ್ಚಿಯ ಪಕ್ಕಕ್ಕೆ ಜೋತುಬಿದ್ದು ಭುಜದ ಮೇಲೆ ಎಳೆತ ಬೀಳುವುದನ್ನೂ ಗಮನಿಸಿ. ಅವರಿಗೆ ಅದು ತಿಳಿಯದೆ ಇರಬಹುದು.

ಇನ್ನು ಪರೀಕ್ಷೆ. ಬೆರಳಿನ ಅರಿವನ್ನು ನೋಡುವಾಗ ನಾವು ಬೆರಳಿನ ತುದಿಯನ್ನು ಎರಡು ಪಕ್ಕಗಳಿಂದ ಹಿಡಿದು ಮೇಲಕ್ಕೋ ಕೆಳಕ್ಕೋ ಆಡಿಸುತ್ತೇವೆ. ಮೇಲೆ ಕೆಳಗೆ ಹಿಡಿದರೆ ಒತ್ತಡದಿಂದಲೇ ದಿಕ್ಕು ತಿಳಿದುಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ಕಣ್ಣು ಮುಚ್ಚಿರುವವರು ದಿಕ್ಕನ್ನು ಹೇಳಬೇಕು. ಊಹೆಯಿಂದಲೇ ಅರ್ಧದಷ್ಟು ಸರಿಯಾಗುವುದರಿಂದ ಹಲವು ಬಾರಿ ಕೇಳಬೇಕು. ಇನ್ನೊಂದು ಸುಲಭದ ಪರೀಕ್ಷೆಯಿದೆ: ಅವರು ಕಣ್ಣು ಮುಚ್ಚಿರುವಾಗ ಎಡಗೈಯನ್ನು ನೀವು ಎಲ್ಲಾದರೂ ಎತ್ತಿ ಹಿಡಿಯಿರಿ, ಬಲಗೈಯಿಂದ ಎಡಗೈಯ ಹೆಬ್ಬೆರಳನ್ನು ಹಿಡಿಯಲು ಹೇಳಿ. ಎರಡೂ ಕೈಗಳನ್ನು ಮುಂದೆ ಚಾಚಿ ಕಣ್ಣು ಮುಚ್ಚಿಸಿದಾಗ ಎಡಗೈ ಬೆರಳುಗಳು ತಾವಾಗಿಯೇ ಮೆಲ್ಲನೆ ಮೇಲೆ ಕೆಳಗೆ ಅಲೆಯುತ್ತವೆಯೇ ಎಂಬುದನ್ನೂ ನೋಡಿ. ಅದು ಅವರ ಬೇಜವಾಬ್ದಾರಿಯಲ್ಲ, ಬೆರಳು ಸರಿದದ್ದು ತಿಳಿಯದ ಕಾರಣ ಹಿಂದಕ್ಕೆ ಎಳೆದುಕೊಳ್ಳಲು ಆಗದಿರುವುದು.

ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಹೀಗಿದೆ: ಸ್ವಲ್ಪಮಟ್ಟಿಗೆ ಹೌದು, ಎಷ್ಟೆಂದು ಮೊದಲೇ ಹೇಳಲಾಗದು. ಅಳಿದುಳಿದ ನರಮಾರ್ಗಗಳು ಬಲಗೊಳ್ಳುವುದು ಒಂದು ದಾರಿ, ಇರುವ ದೃಷ್ಟಿಯನ್ನು ಚೆನ್ನಾಗಿ ಬಳಸಿಕೊಳ್ಳಲು ಕಲಿಯುವುದು ಇನ್ನೊಂದು ದಾರಿ. ಎರಡನೆಯದರಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ವೈದ್ಯಕೀಯ ದಾಖಲೆಗಳಲ್ಲಿ ಒಂದು ಅಪೂರ್ವ ನಿದರ್ಶನವಿದೆ. ಇಂಗ್ಲೆಂಡಿನ ಯುವಕನೊಬ್ಬ 1971ರಲ್ಲಿ, 19ನೆಯ ವಯಸ್ಸಿನಲ್ಲಿ, ಜ್ವರದ ನಂತರ ಕುತ್ತಿಗೆಯ ಕೆಳಗಿನ ಸ್ಪರ್ಶ ಮತ್ತು ಸ್ಥಾನದ ಅರಿವನ್ನು ಪೂರ್ತಿಯಾಗಿ ಕಳೆದುಕೊಂಡ. ಸ್ನಾಯುಗಳಲ್ಲಿ ಬಲವಿತ್ತು, ಎದ್ದು ಕೂರಲೂ ಆಗುತ್ತಿರಲಿಲ್ಲ. ಪ್ರತಿ ಚಲನೆಯನ್ನೂ ಕಣ್ಣಿನಿಂದ ನೋಡಿ, ಮನಸ್ಸಿನಲ್ಲಿ ಮೊದಲೇ ಯೋಜಿಸಿ, ತಿಂಗಳುಗಟ್ಟಲೆ ಶ್ರಮಿಸಿ ಅವರು ಮತ್ತೆ ನಡೆಯುವುದನ್ನು ಕಲಿತರು, ಉದ್ಯೋಗ ಮಾಡಿದರು. ಅರಿವು ಮರಳಲಿಲ್ಲ. ದೀಪ ಆರಿ ಕತ್ತಲಾದರೆ ಅವರು ಕುಸಿದು ಬೀಳುತ್ತಿದ್ದರು. ಈ ನಿದರ್ಶನವನ್ನು ನಾನು ರೋಗಿಗಳಿಗೆ ಹೇಳುವಾಗ ಅದರ ಎರಡೂ ಮುಖಗಳನ್ನು ಹೇಳುತ್ತೇನೆ: ಕಣ್ಣು ಬಹಳ ದೂರ ನಡೆಸುತ್ತದೆ, ಮತ್ತು ಅದರ ಹಿಂದಿನ ಆಯಾಸ ನೋಡುವವರಿಗೆ ಕಾಣುವುದಿಲ್ಲ. ನಿಮ್ಮ ತಂದೆಯವರು ಸಂಜೆಯ ಹೊತ್ತಿಗೆ ಹೆಚ್ಚು ತಪ್ಪು ಮಾಡುತ್ತಿದ್ದರೆ ಕಾರಣ ಸೋಮಾರಿತನವಲ್ಲ, ಗಮನ ಬಳಲಿರುತ್ತದೆ.

ನಾಲ್ಕೇ ತಿಂಗಳಾಗಿರುವುದರಿಂದ ಮೊದಲನೆಯ ದಾರಿಯನ್ನು ಬಿಡಬಾರದು. ಎಡಗೈಗೆ ಬಗೆಬಗೆಯ ವಸ್ತುಗಳನ್ನು ಕೊಟ್ಟು, ಮೊದಲು ನೋಡುತ್ತಾ, ಆಮೇಲೆ ಕಣ್ಣು ಮುಚ್ಚಿ, ಮತ್ತೆ ನೋಡಿ ತಾಳೆ ಹಾಕಿಕೊಳ್ಳಲು ಹೇಳಿ. ಕಣ್ಣು ಮುಚ್ಚಿರುವಾಗ ಬೆರಳನ್ನು ನೀವು ಒಂದು ಭಂಗಿಯಲ್ಲಿಟ್ಟು, ಅದನ್ನೇ ಬಲಗೈಯಲ್ಲಿ ಮಾಡಿ ತೋರಿಸಲು ಕೇಳಿ. ತಪ್ಪಾದ ಕೂಡಲೇ ಕಣ್ಣು ತೆರೆದು ನೋಡುವ ಅವಕಾಶ ಸಿಗಬೇಕು, ಏಕೆಂದರೆ ಮೆದುಳು ಕಲಿಯುವುದು ಮುನ್ನೆಣಿಕೆಗೂ ನಿಜಕ್ಕೂ ಇರುವ ಅಂತರದಿಂದಲೇ. ದಿನಕ್ಕೆ ಹತ್ತು ಹದಿನೈದು ನಿಮಿಷದ ಎರಡು ಮೂರು ಸರದಿ ಸಾಕು.

ಎಡಗೈ ಬೀಳಿಸುತ್ತದೆಯೆಂದು ಎಲ್ಲದಕ್ಕೂ ಬಲಗೈಯನ್ನೇ ಬಳಸುವ ರೂಢಿ ಬೆಳೆಯದಂತೆ ನೋಡಿಕೊಳ್ಳಿ. ನರಗಳನ್ನು ಕಡಿದು ಸಂವೇದನೆ ಇಲ್ಲದಂತೆ ಮಾಡಿದ ತೋಳನ್ನು ಕೋತಿಗಳು ಬಳಸುವುದನ್ನೇ ಬಿಟ್ಟುಬಿಡುತ್ತವೆಂದು ಮಾಟ್ ಮತ್ತು ಶೆರಿಂಗ್ಟನ್ 1895ರಲ್ಲೇ ಕಂಡಿದ್ದರು. ಸರಿಯಿರುವ ತೋಳನ್ನು ಕಟ್ಟಿಹಾಕಿದರೆ ಅವು ಆ ತೋಳನ್ನು ಮತ್ತೆ ಬಳಸುತ್ತವೆಂದು ಎಡ್ವರ್ಡ್ ಟಾಬ್ ಬಹಳ ಕಾಲದ ಮೇಲೆ ತೋರಿಸಿದರು. ಸರಿಯಿರುವ ಕೈಗೆ ದಿನದ ಹೆಚ್ಚು ಹೊತ್ತು ಕೈಗವಸು ತೊಡಿಸಿ ಸೋತ ಕೈಯಿಂದ ಕೆಲಸ ಮಾಡಿಸುವ ಚಿಕಿತ್ಸೆ ಹುಟ್ಟಿದ್ದು ಅದರಿಂದಲೇ. 222 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನವಾದದ್ದು ದೃಢಪಟ್ಟಿತು. ಅದು ನಿಮ್ಮ ತಂದೆಯವರಿಗೆ ಹೊಂದುತ್ತದೆಯೇ ಎಂಬುದನ್ನು ಅವರನ್ನು ಪರೀಕ್ಷಿಸಿದವರೇ ನಿರ್ಧರಿಸಬೇಕು.

ಹೊಂಬೆಳಕು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೆಣ್ಣು ಅವರ ಉತ್ತರವನ್ನು ತಂದೆಯವರಿಗೆ ಓದಿ ಹೇಳಿದೆ. "ಆಜ್ಞೆ ಹೋಗಿದೆ, ವರದಿ ಬಂದಿಲ್ಲ" ಎಂಬುದನ್ನು ಎರಡು ಬಾರಿ ತಾವೇ ಹೇಳಿಕೊಂಡರು. ತಮಗೆ ಮತಿ ತಪ್ಪುತ್ತಿದೆಯೋ ಎಂಬ ಅಂಜಿಕೆ ಇಷ್ಟು ದಿನ ಅವರೊಳಗಿತ್ತೆಂದು ನನಗೆ ತಿಳಿದದ್ದು ಆಗಲೇ.

ಚಲನ ಅವರು ಹೇಳಿದ ಹೆಬ್ಬೆರಳಿನ ಪರೀಕ್ಷೆಯನ್ನು ನಿನ್ನೆ ಮಾಡಿದೆವು. ಬಲಗೈ ಮೊದಲು ಒಂದು ಗೇಣಿನಷ್ಟು ದೂರದಲ್ಲಿ ಗಾಳಿಯಲ್ಲಿ ತಡಕಾಡಿತು. ಆಮೇಲೆ ಎಡ ಮೊಣಕೈ ಕೈಗೆ ಸಿಕ್ಕಿತು. ಅಲ್ಲಿಂದ ಮುಂಗೈಯ ಮೇಲೆಯೇ ಸವರಿಕೊಂಡು ಹೋಗಿ, ಮಣಿಕಟ್ಟು ದಾಟಿ ಹೆಬ್ಬೆರಳನ್ನು ಹಿಡಿದರು. ಹೀಗೆ ಸವರಿಕೊಂಡು ಹೋಗುವುದನ್ನು ತಡೆಯಬೇಕೆ? ಹಾಗೆ ಮಾಡಿದರೆ ಅಭ್ಯಾಸ ನಿಷ್ಫಲವಾಗುತ್ತದೆಯೆ?

ಚಲನ

ತಡೆಯಬೇಡಿ. ಅರಿವು ಕುಗ್ಗಿರುವವರು ಹೆಚ್ಚಾಗಿ ಹೀಗೆಯೇ ಹುಡುಕುತ್ತಾರೆ; ತೋಳಿನ ಆಕಾರ ಬಲಗೈಗೆ ಗೊತ್ತಿರುವುದರಿಂದ ಅದನ್ನೇ ದಾರಿ ಮಾಡಿಕೊಂಡು ಹೋಗುತ್ತಾರೆ. ಕತ್ತಲಲ್ಲಿ ಅವರಿಗೆ ನೆರವಾಗುವ ಉಪಾಯವೂ ಅದೇ. ಅಭ್ಯಾಸದಲ್ಲಿ ಮಾತ್ರ ಒಂದು ಬದಲಾವಣೆ ಮಾಡಿಕೊಳ್ಳಿ: ಬಲಗೈ ಚಾಚುವ ಮೊದಲು, ಎಡಗೈ ಎಲ್ಲಿದೆಯೆಂದು ಅನಿಸುತ್ತಿದೆಯೆಂಬುದನ್ನು ಬಾಯಿಂದ ಹೇಳಲಿ, ಆಮೇಲೆ ಹುಡುಕಲಿ, ಸಿಕ್ಕ ಮೇಲೆ ಕಣ್ಣು ತೆರೆದು ನೋಡಲಿ. ಬಲಗೈ ಮೊದಲು ತಲುಪಿದ ಜಾಗಕ್ಕೂ ಹೆಬ್ಬೆರಳಿಗೂ ಎಷ್ಟು ಅಂತರವಿತ್ತೆಂದು ಅಳೆದು, ದಿನಾಂಕ ಹಾಕಿ ಬರೆದಿಡಿ. ಎರಡು ವಾರಕ್ಕೊಮ್ಮೆ, ಬೆಳಗಿನ ಹೊತ್ತು, ಐದು ಬೇರೆ ಬೇರೆ ಭಂಗಿಗಳಲ್ಲಿ ಅಳೆದರೆ ಸಾಕು. ನಿನ್ನೆಯ ಒಂದು ಗೇಣು ನಿಮ್ಮ ಮೊದಲ ಅಳತೆಯಾಗಲಿ. ಮುಂದಿನ ಬಾರಿ ಥೆರಪಿಸ್ಟ್ ಬಳಿ ಹೋಗುವಾಗ ಆ ಹಾಳೆಯನ್ನು ಜೊತೆಯಲ್ಲಿ ಒಯ್ಯಿರಿ.